ಕ್ಷಾಮದ ಕಾಮಗಾರಿಯಿಂದ ಗೃಹಲಕ್ಷ್ಮಿಯವರೆಗೆ: ಗಡಿಸೀಮೆಯಲ್ಲಿ ಸರಕಾರದ ಜನಕ್ಷೇಮ

(ಏಕಸಂಬಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಾಠ)



ದತ್ತಿಯ ಹೆಸರಿನಲ್ಲಿ ನಡೆಯುವ ಸಭೆಯೊಂದರಲ್ಲಿ ನಿಂತು ಸರಕಾರವು ಜನರಿಗೆ ಕೊಡುವುದನ್ನು ಕುರಿತು ಮಾತನಾಡುವಾಗ, ಇವೆರಡಕ್ಕೂ ಇರುವ ಅಂತರವನ್ನು ಮೊದಲೇ ಹೇಳಿಬಿಡುವುದು ಯುಕ್ತ. ದತ್ತಿಯಿಟ್ಟ ಗೃಹಸ್ಥನು ತನ್ನ ಗಳಿಕೆಯೊಳಗಿನ ಒಂದು ಪಾಲನ್ನು ತನ್ನ ಇಚ್ಛೆಯಿಂದ ಲೋಕಕ್ಕೆ ಬಿಟ್ಟುಕೊಡುತ್ತಾನೆ. ಅದಕ್ಕೆ ಅವನು ವಿಧಿಸುವ ನಿಬಂಧನೆಗಳನ್ನು ನಾವು ಗೌರವದಿಂದ ಪಾಲಿಸತಕ್ಕದ್ದು. ಸರಕಾರಕ್ಕಾದರೋ ಸ್ವಂತದ ಗಳಿಕೆಯೆಂಬುದಿಲ್ಲ. ಅದು ಕೊಡುವುದು ಜನರಿಂದ ಬಂದುದನ್ನು, ಜನರ ಸಮ್ಮತಿಯಿಂದ, ಜನರಿಗೇ. ಆದುದರಿಂದ ಸರಕಾರವು ವಿಧಿಸುವ ಪ್ರತಿಯೊಂದು ನಿಬಂಧನೆಯನ್ನೂ ಪ್ರಶ್ನಿಸುವ ಅಧಿಕಾರವು ಪಡೆಯುವವನಿಗೆ ಉಂಟು. ಇಂದಿನ ನನ್ನ ಉಪನ್ಯಾಸವು ಈ ನಿಬಂಧನೆಗಳ ಚರಿತ್ರೆಯೇ ಆಗಿದೆ.

ವಿಷಯವು ವಿಶಾಲವಾದುದು, ಇಡಿಯ ದೇಶದ ಯೋಜನೆಗಳ ಪಟ್ಟಿಯನ್ನು ಓದಿ ನಿಮ್ಮ ಸಹನೆಯನ್ನು ಪರೀಕ್ಷಿಸುವ ಉದ್ದೇಶ ನನಗಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಈ ಐದು ತಾಲೂಕುಗಳ ನೆಲದ ಮೇಲೆ ನಿಂತು, ಇಲ್ಲಿಂದ ಕಾಣುವಷ್ಟನ್ನು ಮಾತ್ರ ಹೇಳುತ್ತೇನೆ. ಆದರೆ ಇಲ್ಲಿಂದ ಕಾಣುವುದು ಸ್ವಲ್ಪವೇನೂ ಅಲ್ಲ. ನೂರು ವರ್ಷಗಳ ಹಿಂದೆ ಚಿಕ್ಕೋಡಿ ಮತ್ತು ಅಥಣಿಗಳು ಮುಂಬಯಿ ಇಲಾಖೆಯ ಆಂಗ್ಲ ಆಡಳಿತಕ್ಕೆ ಸೇರಿದ್ದರೆ, ರಾಯಬಾಗವು ಕೊಲ್ಹಾಪುರದ ಮಹಾರಾಜರ ರಾಜ್ಯಕ್ಕೆ ಸೇರಿತ್ತು. 1949ರಲ್ಲಿ ಕೊಲ್ಹಾಪುರ ರಾಜ್ಯವು ಮುಂಬಯಿಯಲ್ಲಿ ವಿಲೀನವಾಯಿತು. 1956ರ ನವಂಬರ 1ರಂದು ಬೆಳಗಾವಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಬಂದಿತು. ಹೀಗೆ ಒಂದೇ ಹೊಲದಲ್ಲಿ ದುಡಿದ ಅಜ್ಜ, ಮಗ, ಮೊಮ್ಮಗ ಈ ಮೂವರು ಮೂರು ಸರಕಾರಗಳ ಕಾನೂನಿನ ಕೆಳಗೆ ಬಾಳಿದರು. ಬಡವನ ವಿಷಯದಲ್ಲಿ ಸರಕಾರದ ಬುದ್ಧಿಯು ಕಾಲಕಾಲಕ್ಕೆ ಹೇಗೆ ತಿರುಗಿತೆಂಬುದನ್ನು ಕಾಣಬಯಸುವವನಿಗೆ ಇದಕ್ಕಿಂತ ಅನುಕೂಲವಾದ ಸ್ಥಳವು ದೊರೆಯಲಾರದು. ಯೋಜನೆಯೊಂದರ ನಿಜವಾದ ರಾಜಕಾರಣವು ಅದು ಕೊಡುವ ಮೊತ್ತದಲ್ಲಿರುವುದಕ್ಕಿಂತ ಹೆಚ್ಚಾಗಿ, ಕೊಡುವುದಕ್ಕೆ ಮುಂಚೆ ಅದು ಕೇಳುವ ಸಾಕ್ಷ್ಯದಲ್ಲಿಯೂ, ಆ ಸಾಕ್ಷ್ಯವನ್ನು ಒಪ್ಪುವ ಇಲ್ಲವೆ ತಳ್ಳುವ ಅಧಿಕಾರ ಯಾರ ಕೈಯಲ್ಲಿದೆಯೆಂಬುದರಲ್ಲಿಯೂ ಇದೆಯೆಂಬುದೇ ನನ್ನ ಪ್ರತಿಪಾದನೆ.

ಮೊದಲು ಕ್ಷಾಮದ ಮಾತು. 1876ರಲ್ಲಿ ಮಳೆ ಕೈಕೊಟ್ಟಾಗ ಅಂದಿನ ಕಲಾದಗಿ ಜಿಲ್ಲೆ, ಧಾರವಾಡ, ಮತ್ತು ಬೆಳಗಾವಿಯ ಪೂರ್ವದಿಕ್ಕಿನ ಬಯಲುಸೀಮೆ ಇವೆಲ್ಲ ಘೋರವಾದ ಬರಕ್ಕೆ ತುತ್ತಾದವು. ಸಹ್ಯಾದ್ರಿಯ ಮಳೆ ತಲುಪದ ಅಥಣಿಯ ಕಡೆಯ ಕರಿಯ ನೆಲವೂ ಅವುಗಳಲ್ಲಿ ಒಂದು. ಎರಡು ವರ್ಷಗಳ ಆ ಕ್ಷಾಮದಲ್ಲಿ ಆಂಗ್ಲರ ಆಡಳಿತದ ಪ್ರದೇಶಗಳಲ್ಲಿಯೇ ಐವತ್ತು ಲಕ್ಷಕ್ಕೆ ಮಿಕ್ಕಿ ಜನರು ಮಡಿದರೆಂದು ಎಣಿಕೆ. ಅಂದಿನ ಸರಕಾರದ ನೀತಿ ಸರಳವಾಗಿತ್ತು: ಧಾನ್ಯದ ವ್ಯಾಪಾರದಲ್ಲಿ ಕೈಹಾಕಕೂಡದು; ಹಸಿದವನಿಗೆ ಕೆಲಸ ಕೊಟ್ಟು ಕೂಲಿ ಕೊಡತಕ್ಕದ್ದು; ಆ ಕೂಲಿಯಿಂದ ಅವನು ಪೇಟೆಯ ಧಾರಣೆಗೆ ಕಾಳು ಕೊಂಡು ಉಣ್ಣತಕ್ಕದ್ದು. ಕೆರೆ ತೋಡುವುದು, ರಸ್ತೆಗೆ ಕಲ್ಲು ಒಡೆಯುವುದು ಇವೇ ಆ ಕೆಲಸಗಳು. ನಮ್ಮ ಹಿರಿಯರು ಬರದ ಕಾಮಗಾರಿಯೆಂದು ಕರೆಯುತ್ತ ಬಂದುದು ಇದನ್ನೇ.

ಈ ಪ್ರಸಂಗದಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯ ವೃತ್ತಾಂತವನ್ನು ತುಸು ವಿಸ್ತಾರವಾಗಿ ಹೇಳಬೇಕಾಗುತ್ತದೆ. ಏಕೆಂದರೆ ಕ್ಷೇಮಕಾರ್ಯದ ರಾಜಕಾರಣವೆಲ್ಲವೂ ಆ ಒಬ್ಬ ಮನುಷ್ಯನ ಕಥೆಯಲ್ಲಿ ಅಡಕವಾಗಿದೆ. ಇದೇ ಟೆಂಪಲ್ಲನು 1873–74ರಲ್ಲಿ ಬಿಹಾರದ ಬರವನ್ನು ಎದುರಿಸಿದ್ದನು. ಬ್ರಹ್ಮದೇಶದಿಂದ ಅಕ್ಕಿಯನ್ನು ತರಿಸಿ, ಧಾರಾಳವಾಗಿ ಹಂಚಿ, ಸಾವುಗಳು ತೀರ ವಿರಳವಾಗುವಂತೆ ನೋಡಿಕೊಂಡನು. ಆಡಳಿತಗಾರನೊಬ್ಬನಿಗೆ ಇದಕ್ಕಿಂತ ಮಿಗಿಲಾದ ಕೀರ್ತಿ ಬೇಕೆ? ಆದರೆ ಅವನಿಗೆ ಲಭಿಸಿದುದು ನಿಂದೆ. ಬೊಕ್ಕಸದ ಹಣವನ್ನು ದುಂದುಮಾಡಿದನೆಂದು ಕಲಕತ್ತೆಯಲ್ಲಿಯೂ ವಿಲಾಯತಿಯಲ್ಲಿಯೂ ಅವನನ್ನು ಹೀಗಳೆದರು. 1877ರ ಆರಂಭದಲ್ಲಿ ವೈಸರಾಯ್ ಲಿಟ್ಟನ್ನನು ಅವನನ್ನೇ ದಕ್ಷಿಣದ ಬರದ ಪರೀಕ್ಷಕನನ್ನಾಗಿ ಕಳಿಸಿದಾಗ, ಪಾಠ ಕಲಿತ ಟೆಂಪಲ್ಲನು ಕೂಲಿಯನ್ನು ಕಡಿತಗೊಳಿಸಿದನು: ಗಂಡಾಳಿಗೆ ದಿನವೊಂದಕ್ಕೆ ಒಂದು ಪೌಂಡು ಧಾನ್ಯದ ಬೆಲೆ, ಮೇಲೆ ಅರ್ಧ ಆಣೆ. ದಿನವಿಡೀ ಕಲ್ಲು ಒಡೆಯುವವನ ದೇಹವು ಅಷ್ಟರಿಂದ ನಿಲ್ಲಲಾರದೆಂದು ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಶ್ ಪಟ್ಟುಹಿಡಿದು ವಾದಿಸಿದನು. ಮುಂಬಯಿ ಇಲಾಖೆಯಲ್ಲಿ ಕೂಲಿಗಳು ಗುಂಪುಗುಂಪಾಗಿ ಕಾಮಗಾರಿಗಳನ್ನು ಬಿಟ್ಟು ಹೊರನಡೆದರು. ಪುಣೆಯ ಸಾರ್ವಜನಿಕ ಸಭೆಯು ಅವರ ಪರವಾಗಿ ಸರಕಾರಕ್ಕೆ ಬರೆದುಕೊಂಡಿತು. ಹಸಿದವರು ಕೂಲಿಯನ್ನು ತಿರಸ್ಕರಿಸಿ ಎದ್ದು ನಡೆದ ಆ ಘಟನೆಯನ್ನು ನಮ್ಮ ಶಾಲೆಯ ಚರಿತ್ರೆಯ ಪುಸ್ತಕಗಳು ಏತಕ್ಕೋ ಬಿಟ್ಟುಬಿಟ್ಟಿವೆ. ಟೆಂಪಲ್ಲನಾದರೋ ಆ ವರ್ಷವೇ ಮುಂಬಯಿಯ ಗವರ್ನರನಾದನು.

ಹಸಿವು ನಿಜವೋ ಸುಳ್ಳೋ ಎಂಬುದನ್ನು ಅಳೆಯುವುದಕ್ಕಾಗಿಯೇ ಕೂಲಿಯನ್ನು ಕಡಿಮೆಮಾಡುವುದು, ಕಾಮಗಾರಿಯನ್ನು ಊರಿನಿಂದ ದೂರದಲ್ಲಿ ಇಡುವುದು, ಗೊತ್ತುಮಾಡಿದಷ್ಟು ಅಳತೆಯ ಕೆಲಸವನ್ನು ಕಡ್ಡಾಯಮಾಡುವುದು ಇವು ಆ ಕಾಲದ ಉಪಾಯಗಳು. ಇಷ್ಟನ್ನೆಲ್ಲ ಸಹಿಸಿಯೂ ಬಂದವನು ನಿಜವಾಗಿ ಹಸಿದವನೆಂದು ತರ್ಕ. ಬಳಲಿ ನಡೆಯಲಾರದವನು, ಎಳೆಯ ಕೂಸನ್ನು ಬಿಟ್ಟು ಬರಲಾರದ ತಾಯಿ, ಇವರು ಪರೀಕ್ಷೆಯಲ್ಲಿ ಅನುತ್ತೀರ್ಣರಾದರೆ ಆ ದೋಷ ಪರೀಕ್ಷೆಯದೆಂದು ಬಗೆಯುವ ಪದ್ಧತಿ ಆಗ ಇರಲಿಲ್ಲ. ಆದರೂ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಸ್ಟ್ರೇಚಿಯ ಅಧ್ಯಕ್ಷತೆಯ ಕ್ಷಾಮ ಆಯೋಗವು 1880ರಲ್ಲಿ ವರದಿಯನ್ನೊಪ್ಪಿಸಿತು. ಅದರಿಂದ ಕ್ಷಾಮಸಂಹಿತೆಗಳು ಹುಟ್ಟಿದವು. ಬರ ಬಂದಾಗ ಪ್ರಜೆಯನ್ನು ಬದುಕಿಸುವುದು ಸರಕಾರದ ಕರ್ತವ್ಯವೆಂಬುದನ್ನು ನಮ್ಮ ದೇಶದಲ್ಲಿ ನಿಯಮರೂಪದಲ್ಲಿ ಬರೆದಿಟ್ಟ ಮೊದಲಿನ ದಾಖಲೆಗಳಲ್ಲಿ ಅವು ಸೇರುತ್ತವೆ. ರಾಯಬಾಗ, ಕುಡಚಿಗಳ ನಿಲ್ದಾಣಗಳನ್ನು ಹಾದುಹೋಗುವ ನಮ್ಮ ರೈಲುಮಾರ್ಗವನ್ನು ಹಾಕಿಸಿದ ದಕ್ಷಿಣ ಮರಾಠಾ ರೈಲ್ವೆ ಕಂಪನಿಯೂ, ಬರದ ಸೀಮೆಗೆ ಧಾನ್ಯ ಸಾಗಿಸುವ ಉದ್ದೇಶದಿಂದಲೇ 1882ರಲ್ಲಿ ಜನ್ಮತಾಳಿತು. ಕಠೋರವಾದ ಕೈಯಿಂದಲೂ ಕೆಲವು ಸ್ಥಿರವಾದ ವಸ್ತುಗಳು ನಮಗೆ ಬಂದಿವೆಯೆಂಬುದನ್ನು ಮರೆಮಾಚಲಾಗದು.

ಇನ್ನು ರಾಯಬಾಗದ ಕಡೆಗೆ ತಿರುಗೋಣ. ಕೊಲ್ಹಾಪುರದ ಶಾಹು ಮಹಾರಾಜರು 1902ರ ಜುಲೈ 26ರಂದು ಹೊರಡಿಸಿದ ಆಜ್ಞೆಯಿಂದ, ತೆರವಾಗುವ ಸರಕಾರೀ ಹುದ್ದೆಗಳಲ್ಲಿ ಶೇಕಡಾ 50ರಷ್ಟು ಹಿಂದುಳಿದ ವರ್ಗದವರಿಗೆ ಮೀಸಲಾದವು. ಬ್ರಾಹ್ಮಣ, ಪ್ರಭು, ಶೇಣವಿ, ಪಾರಸಿ ಮತ್ತು ಅವರಂತೆ ಮುಂದುವರಿದವರನ್ನು ಬಿಟ್ಟು ಉಳಿದವರೆಲ್ಲರೂ ಆ ವರ್ಗಕ್ಕೆ ಸೇರಿದರು. ಮೈಸೂರಿನಲ್ಲಿ ಇದೇ ಪ್ರಶ್ನೆಯನ್ನು ವಿಚಾರಿಸಲು ಮಿಲ್ಲರ್ ಸಮಿತಿ ನೇಮಕವಾದುದು 1918ರಲ್ಲಿ. ಹದಿನಾರು ವರ್ಷಗಳ ಈ ಅಂತರವನ್ನು ಬೆಂಗಳೂರಿನಲ್ಲಿ ಕುಳಿತು ಚರಿತ್ರೆ ಬರೆಯುವವರು ಬೇಗನೆ ಮರೆಯುತ್ತಾರೆ. ಮಿಲ್ಲರ್ ಸಮಿತಿಗಿಂತ ಮುಂಚೆಯೇ ರಾಯಬಾಗದ ಪೇಟೆಗೆ ಮೀಸಲಾತಿಯ ಆಜ್ಞೆ ಬಂದಿತ್ತೆಂದು ನಾವಾದರೂ ನೆನಪಿಡೋಣ. ಶಾಹು ಮಹಾರಾಜರು ಅಷ್ಟಕ್ಕೆ ನಿಲ್ಲಲಿಲ್ಲ. ಕೊಲ್ಹಾಪುರ ಪಟ್ಟಣದಲ್ಲಿ ಮರಾಠ, ಜೈನ, ಲಿಂಗಾಯತ, ಮುಸಲ್ಮಾನ ಮುಂತಾದ ಸಮಾಜಗಳ ವಿದ್ಯಾರ್ಥಿಗಳಿಗೆ ವಸತಿಗೃಹಗಳು ಎದ್ದವು. 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯವಾಗಿಯೂ ಉಚಿತವಾಗಿಯೂ ಮಾಡುವ ಆಜ್ಞೆ ಹೊರಟಿತು.

ಕ್ಷಾಮಸಂಹಿತೆಗೂ 1902ರ ಮೀಸಲಾತಿಯ ಆಜ್ಞೆಗೂ ಇರುವ ಭೇದವನ್ನು ಕಾಣಿರಿ. ಅಲ್ಲಿ ಸರಕಾರವು ಒಬ್ಬೊಬ್ಬ ಮನುಷ್ಯನ ಮೈಯನ್ನು ನೋಡಿ, ಇವನು ಸಾಕಷ್ಟು ಸೊರಗಿದ್ದಾನೆಯೆ ಎಂದು ಕೇಳಿತು. ಇಲ್ಲಿ ಅರಸನು ತನ್ನ ಕಚೇರಿಯನ್ನೇ ನೋಡಿಕೊಂಡು, ಇಲ್ಲಿ ಯಾರು ಕುಳಿತಿದ್ದಾರೆ, ಯಾರು ಕುಳಿತಿಲ್ಲ ಎಂದು ಕೇಳಿದನು. ಪರೀಕ್ಷೆಗೊಳಗಾದುದು ಆಡಳಿತವೇ ಹೊರತು ಬಡವನಲ್ಲ. ಇದನ್ನು ಕೇವಲ ಅರಸನ ಔದಾರ್ಯವೆಂದು ವರ್ಣಿಸುವ ರೂಢಿ ನನಗೆ ಒಪ್ಪಿಗೆಯಿಲ್ಲ. ಸತ್ಯಶೋಧಕ ಸಮಾಜದ ವಿಚಾರಗಳು, ವೇದೋಕ್ತ ಕರ್ಮದ ಬಗ್ಗೆ ಅರಮನೆಯಲ್ಲಿಯೇ ಎದ್ದ ವಿವಾದ, ಆಡಳಿತದಲ್ಲಿ ಒಂದೇ ವರ್ಗದ ಪ್ರಾಬಲ್ಯ, ಇವೆಲ್ಲವೂ ಆ ಆಜ್ಞೆಯ ಹಿಂದೆ ಇದ್ದವು. ರಾಜಕಾರಣವಿದ್ದುದರಿಂದ ಅದರ ಬೆಲೆ ಕುಗ್ಗುವುದಿಲ್ಲ. 1920ರಲ್ಲಿ ಮಾಣಗಾವಿಯ ಪರಿಷತ್ತಿನಲ್ಲಿ ಶಾಹು ಮಹಾರಾಜರು ತರುಣ ಅಂಬೇಡಕರರನ್ನು ಜನರ ಮುಂದೆ ಕೊಂಡಾಡಿದರು. 1925ರಲ್ಲಿ ಅಂಬೇಡಕರರು ನಮ್ಮ ನಿಪ್ಪಾಣಿಗೇ ಬಂದು ಬಹಿಷ್ಕೃತ ವರ್ಗಗಳ ಮುಂಬಯಿ ಪ್ರಾಂತದ ಪರಿಷತ್ತಿನ ಅಧ್ಯಕ್ಷತೆ ವಹಿಸಿದರು. ಕೊಡುವವನ ದಯೆಯನ್ನು ಕಾಯುವ ಕಾಲ ತೀರಿ, ಪಡೆಯುವವರೇ ಸಭೆ ಕೂಡಿಸಿ ಬೇಡಿಕೆಗಳನ್ನು ಬರೆಯಿಸುವ ಕಾಲ ಈ ಭಾಗದಲ್ಲಿ ಆರಂಭವಾದುದು ಆ ದಶಕದಲ್ಲಿಯೇ.

ಸ್ವಾತಂತ್ರ್ಯಾನಂತರದ ಕಾಲವನ್ನು ಈಗ ಎತ್ತಿಕೊಳ್ಳುತ್ತೇನೆ. ಭೂಸುಧಾರಣೆಯ ವಿಷಯವನ್ನು ಸಂಕ್ಷೇಪವಾಗಿ ಮುಗಿಸಬಹುದು. ದೇವರಾಜ ಅರಸರ ಸರಕಾರವು 1974ರಲ್ಲಿ ತಂದ ತಿದ್ದುಪಡಿಯು ಗೇಣಿಪದ್ಧತಿಯನ್ನೇ ರದ್ದುಮಾಡಿ, ತಾಲೂಕುಗಳಲ್ಲಿ ಭೂನ್ಯಾಯಮಂಡಳಿಗಳನ್ನು ಸ್ಥಾಪಿಸಿತು; ಹಳೆಯ ಮೈಸೂರಿನ ಜನರಿಗೆ ಅದು ಯುಗಾಂತರವೆಂದು ತೋರಿದುದು ಸಹಜ. ಮುಂಬಯಿಯ 1948ರ ಕುಳಕಾಯಿದೆಯನ್ನು ಮೊದಲೇ ಕಂಡಿದ್ದ ಬೆಳಗಾವಿ ಜಿಲ್ಲೆಯ ರೈತನಿಗೆ ಅದು ಎರಡನೆಯ ಬಾಗಿಲು. ಎರಡೂ ಬಾಗಿಲುಗಳಲ್ಲಿ ಕೇಳಿದುದು ಒಂದೇ: ಉತಾರದಲ್ಲಿ ನಿನ್ನ ಹೆಸರಿದೆಯೆ? ತಲಾಠಿಯ ಲೇಖನಿಯು ಕುಳವೆಂದು ಬರೆದವನು ಒಡೆಯನಾದನು. ಬಾಯಿಮಾತಿನ ಮೇಲೆ ಉತ್ತವನಿಗೆ ಹೊಲ ತಪ್ಪಿಹೋಯಿತು.

ಕ್ಷಾಮದ ಕಾಮಗಾರಿಯ ಕಥೆಗೆ ಒಂದು ಸುಂದರವಾದ ಉತ್ತರಾರ್ಧವಿದೆ. ಅದು ನಡೆದುದು ಅಥಣಿಯಿಂದ ಬಹಳ ದೂರವಿಲ್ಲದ ಸಾಂಗಲಿ ಜಿಲ್ಲೆಯ ತಾಸಗಾವಿಯಲ್ಲಿ. ಮಹಾರಾಷ್ಟ್ರ ವಿಧಾನ ಪರಿಷತ್ತಿನ ಸಭಾಪತಿಗಳಾಗಿದ್ದ ವಿ. ಸ. ಪಾಗೆಯವರ ಕಲ್ಪನೆಯಂತೆ, ಕೆಲಸ ಕೇಳಿದವರಿಗೆಲ್ಲ ಕೆಲಸ ಕೊಡುವ ಪ್ರಯೋಗವನ್ನು 1965ರಲ್ಲಿ ಅಲ್ಲಿ ಮಾಡಿದರು. 1972ರ ಭೀಕರ ಬರದಲ್ಲಿ ಅದು ರಾಜ್ಯವ್ಯಾಪಿಯಾಯಿತು; ಪಟ್ಟಣಗಳ ನೌಕರರ ಮೇಲೆ ವೃತ್ತಿಕರವನ್ನು ಹಾಕಿ ಹಳ್ಳಿಗಳ ಕೂಲಿಗೆ ಹಣ ಕೂಡಿಸಿದರು; ಮುಂದೆ ಅದೇ ಕಾಯಿದೆಯಾಗಿ 1979ರ ಜನವರಿ 26ರಿಂದ ಜಾರಿಗೆ ಬಂದಿತು. ಕೇಂದ್ರವು 2005ರಲ್ಲಿ ಮಾಡಿದ ಉದ್ಯೋಗ ಖಾತರಿ ಕಾಯಿದೆಗೆ ಇದೇ ತಾಯಿಬೇರು. ಈ ಕಾಯಿದೆಯನ್ನು ಟೆಂಪಲ್ಲನ ನಿಯಮಗಳ ಪಕ್ಕದಲ್ಲಿಟ್ಟು ಓದಿದರೆ ಆಶ್ಚರ್ಯವಾಗುತ್ತದೆ. ಆತನು ಕಾಮಗಾರಿಯನ್ನು ಬೇಕೆಂದೇ ದೂರದಲ್ಲಿಟ್ಟನು. ಇದು ಊರಿನಿಂದ ಐದು ಕಿಲೋಮೀಟರಿನೊಳಗೆ ಕೆಲಸ ಕೊಡಬೇಕು, ಮೀರಿದರೆ ಶೇಕಡಾ 10ರಷ್ಟು ಹೆಚ್ಚು ಕೂಲಿ ಸಲ್ಲಬೇಕು ಎಂದಿತು. ಆತನು ಎಳೆಕೂಸಿನ ತಾಯಿಯನ್ನು ಮರೆತನು. ಇದು ಕಾಮಗಾರಿಯ ಸ್ಥಳದಲ್ಲಿ ಕೂಸುಗಳನ್ನು ನೋಡಿಕೊಳ್ಳಲು ಒಬ್ಬಳನ್ನು ನೇಮಿಸಬೇಕೆಂದಿತು. ಆತನು ಹಸಿದವನಿಂದ ಪ್ರಮಾಣ ಕೇಳಿದನು. ಇದು, ಅರ್ಜಿ ಕೊಟ್ಟ ಹದಿನೈದು ದಿನಗಳಲ್ಲಿ ಕೆಲಸ ಕೊಡದಿದ್ದರೆ ಸರಕಾರವೇ ತಪ್ಪಿತಸ್ಥ, ಭತ್ಯೆಯನ್ನು ತೆರಬೇಕು ಎಂದಿತು. ಕಾಗದದ ಮೇಲಿನ ಈ ತಿರುವು ನೆಲದ ಮೇಲೆ ಎಷ್ಟು ಇಳಿಯಿತೆಂಬುದು ಬೇರೆ ಮಾತು. ಭತ್ಯೆಯನ್ನು ಕೈಗೆ ಪಡೆದ ಕೂಲಿಕಾರರನ್ನು ಹುಡುಕಹೊರಟವನು ಬಹಳ ನಡೆಯಬೇಕಾದೀತು.

ಇಲ್ಲಿಂದ ನಿಪ್ಪಾಣಿಯ ಬೀಡಿ ಮತ್ತು ತಂಬಾಕುಗಳ ವಿಷಯಕ್ಕೆ ಬರುತ್ತೇನೆ. ತಂಬಾಕು ನಮ್ಮ ಹೊಲಗಳದು, ಎಲೆ ಪರಸ್ಥಳದ ಅಡವಿಗಳದು, ಸುತ್ತುವ ಬೆರಳುಗಳು ನಿಪ್ಪಾಣಿಯ ಓಣಿಗಳ ಹೆಣ್ಣುಮಕ್ಕಳವು. ಮನೆಯ ಹೊಸ್ತಿಲಲ್ಲಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಸಾವಿರದ ಲೆಕ್ಕದಲ್ಲಿ ಬೀಡಿ ಕಟ್ಟುವ ಹೆಂಗಸು, ಕಾರಖಾನೆಯ ಮಾಲೀಕನ ದೃಷ್ಟಿಯಲ್ಲಿ ಕಾರ್ಮಿಕಳೇ ಅಲ್ಲ. ಆಕೆ ಗುತ್ತಿಗೆದಾರನಿಂದ ಎಲೆ ಪಡೆದು ಬೀಡಿ ಒಪ್ಪಿಸುವ ಯಾರೋ ಒಬ್ಬಳು. 1966ರ ಬೀಡಿ ಕಾರ್ಮಿಕರ ಕಾಯಿದೆಯು ಮನೆಯಲ್ಲಿ ಕೆಲಸಮಾಡುವವರನ್ನೂ ಕಾರ್ಮಿಕರೆಂದು ಒಪ್ಪಿತು. 1976ರಲ್ಲಿ ಎರಡು ಕಾಯಿದೆಗಳು ಒಟ್ಟಿಗೆ ಬಂದು, ಬೀಡಿಯ ಮೇಲೆ ಸೆಸ್ಸು ಹಾಕಿ ಆ ಹಣದಿಂದ ಒಂದು ಕ್ಷೇಮನಿಧಿಯನ್ನು ಕಟ್ಟಿದವು: ದವಾಖಾನೆ, ಮಕ್ಕಳಿಗೆ ವಿದ್ಯಾರ್ಥಿವೇತನ, ಮನೆ ಕಟ್ಟಲು ಸಹಾಯ. ಆದರೆ ಇವೆಲ್ಲವೂ ತೆರೆಯುವುದು ಒಂದು ಗುರುತಿನ ಚೀಟಿಯಿಂದ. ಆ ಚೀಟಿಗೆ ಬೇಕಾದುದು ಮಾಲೀಕನ ಸಹಿ. ಮಾಲೀಕನಿಗೆ ಸಹಿ ಹಾಕಿದರೆ ಭವಿಷ್ಯನಿಧಿ, ಬೋನಸ್ಸುಗಳ ಹೊಣೆ ಬರುವ ಭಯ. ಪ್ರಾಧ್ಯಾಪಕ ಸುಭಾಷ ಜೋಶಿಯವರ ನೇತೃತ್ವದಲ್ಲಿ ನಿಪ್ಪಾಣಿಯ ಬೀಡಿ ಕಟ್ಟುವ ಸ್ತ್ರೀಯರು ಸಂಘಟಿತರಾಗಿ ಬೀದಿಗೆ ಬಂದುದರ ಅರ್ಥವನ್ನು ಕೂಲಿಯ ದರವೊಂದರಲ್ಲಿಯೇ ಹುಡುಕಬಾರದು. ನಾವು ಕಾರ್ಮಿಕರೆಂದು ಬರೆದುಕೊಡಿರಿ ಎಂಬುದೇ ಅವರ ಹೋರಾಟದ ಒಳತಿರುಳು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ಸು ರದ್ದಾಯಿತು. ತಮ್ಮ ದುಡಿಮೆಯ ಮೇಲಿನ ತೆರಿಗೆಯಿಂದಲೇ ತಮಗೆ ಬರುತ್ತಿದ್ದ ನಿಧಿಯು ಅಲ್ಲಿಂದ ಮುಂದೆ ಬಜೆಟ್ಟಿನ ಕೃಪೆಗೆ ಒಳಪಟ್ಟಿತು. ದಿಲ್ಲಿಯಲ್ಲಿ ಅದೊಂದು ಲೆಕ್ಕಪತ್ರದ ಸರಳೀಕರಣ. ನಿಪ್ಪಾಣಿಯ ಓಣಿಗಳಲ್ಲಿ ಅದು ಅಷ್ಟಕ್ಕೇ ನಿಲ್ಲುವಂಥದಲ್ಲ.

ಅದೇ ಪಟ್ಟಣದ ಹೊರಗೆ, ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ, 1981ರಲ್ಲಿ ಶರದ ಜೋಶಿಯವರ ನಾಯಕತ್ವದಲ್ಲಿ ತಂಬಾಕಿನ ರೈತರು ಠಾಣ್ಯ ಹೂಡಿದರು. ಏಪ್ರಿಲ್ 6ರಂದು ಗೋಳೀಬಾರು ನಡೆದು ರೈತರು ಪ್ರಾಣತೆತ್ತರು. ಇದನ್ನು ಇಲ್ಲಿ ನೆನೆಯುವುದಕ್ಕೆ ಕಾರಣವುಂಟು. ಶರದ ಜೋಶಿಯವರ ವಾದವು ಕ್ಷೇಮಯೋಜನೆಗಳ ಬುಡಕ್ಕೇ ಪ್ರಶ್ನೆ ಹಾಕುವಂಥದು: ನಮಗೆ ಭಿಕ್ಷೆ ಬೇಡ, ಬೆವರಿನ ಬೆಲೆ ಕೊಡಿ. ಬೆಳೆದುದಕ್ಕೆ ನ್ಯಾಯವಾದ ಬೆಲೆಯನ್ನು ಮೊದಲು ಕಸಿದುಕೊಂಡು, ಆಮೇಲೆ ಅದರ ಒಂದು ತುಣುಕನ್ನು ಸಹಾಯಧನವೆಂದು ಮರಳಿಸುವ ಸರಕಾರಕ್ಕೆ ಉಪಕಾರ ಸ್ಮರಿಸಬೇಕಿಲ್ಲವೆಂದು ಅವರ ಮತ. ಈ ವಾದದಲ್ಲಿ ಬಲವಿದೆ. ಕಬ್ಬಿನ ಬಿಲ್ಲಿಗಾಗಿ ಕಾರಖಾನೆಯ ಬಾಗಿಲಲ್ಲಿ ಕಾದ ಈ ಸಭೆಯ ರೈತರಿಗೆ ಅದನ್ನು ನಾನು ವಿವರಿಸಬೇಕಾಗಿಲ್ಲ. ಆದರೆ ಮಾರುವುದಕ್ಕೆ ಬೆಳೆಯಿರದವರ ಗತಿಯೇನು? ಬೀಡಿ ಕಟ್ಟುವವಳಿಗೆ, ಭೂಮಿಯಿಲ್ಲದ ಮುದುಕನಿಗೆ, ಬೆಲೆಯ ನ್ಯಾಯ ತಲುಪುವುದಕ್ಕೆ ದಾರಿಯಿಲ್ಲ. ಅಲ್ಲಿ ಆ ವಾದವು ಅಪೂರ್ಣವೆಂದು ನಾನು ತಿಳಿಯುತ್ತೇನೆ.

ಮುದುಕರ ಮಾತು ಬಂದುದರಿಂದ ಮಾಸಾಶನದ ಬಗ್ಗೆ ಒಂದೆರಡು ವಾಕ್ಯ. ವೃದ್ಧರಿಗೆ ರಾಜ್ಯವೊಂದು ಮಾಸಾಶನ ಕೊಡತೊಡಗಿದುದು 1957ರಲ್ಲಿ ಉತ್ತರಪ್ರದೇಶದಲ್ಲಿ. ಕೇಂದ್ರವು ಈ ಕಾರ್ಯಕ್ಕೆ ಕೈಯಿಕ್ಕಿದುದು 1995ರ ಆಗಸ್ಟ್ 15ರಿಂದ, ತಿಂಗಳಿಗೆ 75 ರೂಪಾಯಿಯಂತೆ. ಆಮೇಲೆ ಅದು 200 ರೂಪಾಯಿಗೆ ಏರಿತು. ಎಂಬತ್ತು ತುಂಬದ ವೃದ್ಧರಿಗೆ ಕೇಂದ್ರದ ಪಾಲು ಹದಿನೈದು ವರ್ಷಗಳಿಗಿಂತ ಹೆಚ್ಚುಕಾಲ ಆ 200 ರೂಪಾಯಿಯಲ್ಲಿಯೇ ನಿಂತಿತು. ಜೋಳದ ಧಾರಣೆ ಮಾತ್ರ ನಿಲ್ಲಲಿಲ್ಲ. ಕರ್ನಾಟಕವು 2007ರಲ್ಲಿ ಸಂಧ್ಯಾ ಸುರಕ್ಷಾ ಯೋಜನೆಯನ್ನು 400 ರೂಪಾಯಿಯಿಂದ ಆರಂಭಿಸಿ ಕ್ರಮೇಣ 1,200ಕ್ಕೆ ಒಯ್ದಿದೆ. ವಯಸ್ಸಾದವರು ಸಭೆ ಕೂಡಿಸುವುದಿಲ್ಲ, ಹೆದ್ದಾರಿ ಕಟ್ಟುವುದಿಲ್ಲ. ಕೇಂದ್ರದ ಪಾಲು ಬೆಳೆಯದಿರುವುದಕ್ಕೆ ಬೇರೆ ಕಾರಣವನ್ನು ಹುಡುಕುವ ಅಗತ್ಯ ನನಗೆ ತೋರುವುದಿಲ್ಲ.

ಈಗ ಹೇಳಬೇಕಾದ ವಿಷಯವು ಈ ಸೀಮೆಗೆ ನೋವಿನದು, ಆದರೂ ಬಿಡಲಾಗದು. ಯಲ್ಲಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ದೇವದಾಸಿಯರಾಗಿ ಬಿಡುವ ಪದ್ಧತಿಯನ್ನು ಮುಂಬಯಿ ಸರಕಾರವು 1934ರಲ್ಲಿಯೇ ಕಾಯಿದೆಯಿಂದ ತಡೆಯಲು ಯತ್ನಿಸಿತು. ಕರ್ನಾಟಕವು 1982ರಲ್ಲಿ ಇನ್ನೂ ಬಿಗಿಯಾದ ಕಾಯಿದೆಯನ್ನು ಮಾಡಿತು. ಅಥಣಿ, ರಾಯಬಾಗ, ಚಿಕ್ಕೋಡಿಗಳ ಹಳ್ಳಿಗಳಿಂದ ಎಷ್ಟು ಹುಡುಗಿಯರು ಆ ದಾರಿಯಲ್ಲಿ ದೂರದ ನಗರಗಳನ್ನು ಸೇರಿದರೆಂಬುದು ನಿಮಗೆ ಗೊತ್ತಿದ್ದ ಸಂಗತಿ. ಪುನರ್ವಸತಿಗಾಗಿ ಸರಕಾರವು 1993–94ರಲ್ಲಿ ಗಣತಿ ಮಾಡಿಸಿದಾಗ 22,873 ಮಂದಿ ದಾಖಲಾದರು. 2007–08ರ ಎರಡನೆಯ ಗಣತಿಯ ನಂತರ ಒಟ್ಟು ಸಂಖ್ಯೆ 46,660ಕ್ಕೆ ಏರಿತು. ಸಂಖ್ಯೆಯು ಹೀಗೆ ಇಮ್ಮಡಿಯಾದುದಕ್ಕೆ ಪದ್ಧತಿಯು ಬೆಳೆಯಿತೆಂದು ಅರ್ಥಮಾಡಬಾರದು. ಮೊದಲನೆಯ ಸಲ ಎಷ್ಟೋ ಮಂದಿ ಎಣಿಕೆಗೇ ಸಿಕ್ಕಿರಲಿಲ್ಲ. ಮಾಸಾಶನ, ಸಾಲಸಹಾಯ, ಮನೆ ಇವೆಲ್ಲವೂ ಈ ಎರಡು ಪಟ್ಟಿಗಳಿಗೆ ಅಂಟಿಕೊಂಡವು. ಗಣತಿಯ ದಿನ ಊರಲ್ಲಿ ಇರದವಳು, ಮಗಳ ಮದುವೆ ಮುರಿದೀತೆಂದು ಹೆಸರು ಹೇಳಲು ಹಿಂಜರಿದವಳು, ಪಟ್ಟಿಯ ಹೊರಗೆ ಉಳಿದಳು. ಅವಮಾನವನ್ನು ಬಾಯಿಬಿಟ್ಟು ಹೇಳಿಕೊಂಡವಳಿಗೆ ಸಹಾಯ, ಮುಚ್ಚಿಕೊಂಡವಳಿಗೆ ಶೂನ್ಯ. ಟೆಂಪಲ್ಲನ ಪರೀಕ್ಷೆಯು ಮೈಯನ್ನು ದಂಡಿಸಿತು. ಇದು ಮಾನವನ್ನು ದಂಡಿಸಿತು. ಆ ಸ್ತ್ರೀಯರೇ ಸಂಘಟಿತರಾಗಿ ಹಳ್ಳಿಹಳ್ಳಿಗೆ ಹೋಗಿ ಒಬ್ಬರನ್ನೊಬ್ಬರು ಗುರುತಿಸಿ ಧೈರ್ಯ ಹೇಳಿದಲ್ಲೆಲ್ಲ ಪಟ್ಟಿಯು ಹೆಚ್ಚು ನಿಜವಾಯಿತೆಂಬುದನ್ನೂ ಇಲ್ಲಿಯೇ ಹೇಳುತ್ತೇನೆ.

ಕಡೆಯದಾಗಿ ಇಂದಿನ ಸ್ಥಿತಿ. 2023ರ ವಿಧಾನಸಭೆಯ ಚುನಾವಣೆಯಲ್ಲಿ ಗ್ಯಾರಂಟಿಗಳೆಂದು ಮಾಡಿದ ಐದು ವಾಗ್ದಾನಗಳಂತೆ ಕರ್ನಾಟಕದಲ್ಲಿ ಜೂನ್ 11ರಂದು ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆಯೂ, ಆಗಸ್ಟ್ 30ರಂದು ಮನೆಯ ಯಜಮಾನಿಗೆ ತಿಂಗಳ ಹಣ ಕೊಡುವ ಗೃಹಲಕ್ಷ್ಮಿಯೂ ಆರಂಭವಾದವು. ಮಹಾರಾಷ್ಟ್ರವು 2024ರ ಚುನಾವಣೆಗೆ ಕೆಲವೇ ತಿಂಗಳು ಮುಂಚೆ ಲಾಡಕೀ ಬಹೀಣ ಯೋಜನೆಯನ್ನು ತಂದಿತು. ದೂಧಗಂಗೆಯ ಈಚೆ ದಡದ ಗೃಹಿಣಿಗೆ ತಿಂಗಳಿಗೆ 2,000, ಆಚೆ ದಡದವಳಿಗೆ 1,500. ಈಚೆಯ ವಾಯವ್ಯ ಸಾರಿಗೆಯ ಬಸ್ಸಿನಲ್ಲಿ ಹೆಣ್ಣುಮಗಳ ಪ್ರಯಾಣ ಉಚಿತ, ಆಚೆಯ ಎಸ್.ಟಿ. ಬಸ್ಸಿನಲ್ಲಿ ಅರ್ಧ ತಿಕೀಟು. ಹೆಣ್ಣು ಕೊಡುವ, ಹೆಣ್ಣು ತರುವ ಸಂಬಂಧಗಳು ನದಿಯನ್ನು ಎಂದೂ ಗಡಿಯೆಂದು ಎಣಿಸಿಲ್ಲ. ಆದುದರಿಂದ ಆಚೆಯ ದತ್ತವಾಡದ ಅಕ್ಕ, ಈಚೆಯ ಮಲಿಕವಾಡದ ತಂಗಿ ಹಬ್ಬಕ್ಕೆ ಕೂಡಿದಾಗ ಎರಡು ಸರಕಾರಗಳ ತುಲನೆಯು ಯಾವ ಅರ್ಥಶಾಸ್ತ್ರಜ್ಞನ ನೆರವೂ ಇಲ್ಲದೆ ಅಡುಗೆಮನೆಯಲ್ಲಿಯೇ ನಡೆದುಹೋಗುತ್ತದೆ.

ನಿಬಂಧನೆಗಳನ್ನು ನೋಡೋಣ. ಲಾಡಕೀ ಬಹೀಣಿಗೆ ಕುಟುಂಬದ ವಾರ್ಷಿಕ ಉತ್ಪನ್ನವು ಎರಡೂವರೆ ಲಕ್ಷವನ್ನು ಮೀರಕೂಡದು. ಚುನಾವಣೆ ಮುಗಿದ ನಂತರ ಆ ಪಟ್ಟಿಯ ಮರುಪರಿಶೀಲನೆ ನಡೆದು ಅನೇಕರ ಹೆಸರು ಹೊರಬಿದ್ದವು. ಮತ ಕೇಳುವಾಗ ಬಾಗಿಲನ್ನು ಅಗಲವಾಗಿ ತೆರೆದು, ಮತ ಬಿದ್ದ ಮೇಲೆ ಸಾಕ್ಷ್ಯ ಕೇಳುವ ಈ ಕ್ರಮವನ್ನು ನಾನು ಸಭ್ಯವೆನ್ನಲಾರೆ. ಶಕ್ತಿ ಯೋಜನೆಯು ಉತ್ಪನ್ನವನ್ನು ಕೇಳದೆ, ಈ ರಾಜ್ಯದವಳೆಂಬ ಗುರುತನ್ನು ಮಾತ್ರ ಕೇಳುತ್ತದೆ. ನಾನು ಇಂದು ವಿವರಿಸಿದ ಎಲ್ಲ ಯೋಜನೆಗಳಲ್ಲಿ ಬಡವರನ್ನು ಅತ್ಯಂತ ಕಡಿಮೆ ಪ್ರಶ್ನಿಸುವುದು ಅದೇ. ಗೃಹಲಕ್ಷ್ಮಿಯು ಮನೆಯ ಯಜಮಾನಿಯಾರೆಂದು ಕೇಳುತ್ತದೆ. ಇದರ ಉತ್ತರವು ರೇಶನ್ ಕಾರ್ಡಿನಲ್ಲಿದೆ. ರೇಶನ್ ಕಾರ್ಡಿನ ಉತ್ತರವಾದರೋ 2013ರ ಆಹಾರ ಭದ್ರತಾ ಕಾಯಿದೆಯಲ್ಲಿದೆ. ಆ ಕಾಯಿದೆಯು ಮನೆಯ ಹಿರಿಯ ಹೆಂಗಸನ್ನು ಯಜಮಾನಿಯೆಂದು ಗಣಿಸಿತು. ಅಕ್ಕಿಯ ಸಲುವಾಗಿ ಬರೆದ ಆ ಕಲಮು, ಹತ್ತು ವರ್ಷಗಳ ಮೇಲೆ, 2,000 ರೂಪಾಯಿ ಅತ್ತೆಗೋ ಸೊಸೆಗೋ ಎಂಬುದನ್ನು ತೀರ್ಮಾನಿಸಿತು. ಆಧಾರ್ ಸಂಖ್ಯೆ ಬ್ಯಾಂಕಿನ ಖಾತೆಗೆ ಸರಿಯಾಗಿ ಜೋಡಣೆಯಾಗದ ಮುದುಕಿಯರು ತಿಂಗಳುಗಟ್ಟಲೆ ಅಲೆದುದೂ ಉಂಟು.

ಹಣದ ಮೂಲದ ಬಗ್ಗೆಯೂ ನಿಷ್ಠುರವಾಗಿರಬೇಕು. 2024–25ರಲ್ಲಿ ಐದು ಗ್ಯಾರಂಟಿಗಳಿಗೆ ಸುಮಾರು 52,000 ಕೋಟಿ ರೂಪಾಯಿ ಬೇಕಾಯಿತು. ಅದರಲ್ಲಿ ಸುಮಾರು 14,000 ಕೋಟಿಯನ್ನು ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಉಪಯೋಜನೆಯ ಲೆಕ್ಕದಿಂದ ತೋರಿಸಲಾಯಿತು. ಆ ಸಮುದಾಯಗಳ ಹೆಂಗಸರೂ ಗೃಹಲಕ್ಷ್ಮಿಯರೇ ಅಲ್ಲವೆ ಎಂಬುದು ಸರಕಾರದ ಸಮಾಧಾನ. ಸರ್ವರಿಗೂ ಸಿಗುವುದನ್ನು ಕೊಡಲು ಹಿಂದುಳಿದವರಿಗೆಂದೇ ತೆಗೆದಿರಿಸಿದುದರ ಮೇಲೆ ಕೈಯಿಡುವುದು, ಮನೆಮಂದಿಯ ಊಟಕ್ಕೆ ಬಾಣಂತಿಯ ಪಾಲಿನ ತುಪ್ಪವನ್ನು ಬಡಿಸಿದಂತಾಯಿತೆಂದು ನನ್ನ ಅಭಿಪ್ರಾಯ.

ಗಡಿಯ ಪ್ರಶ್ನೆಗೆ ಬಂದು ಮುಗಿಸುತ್ತೇನೆ. ಎರಡು ರಾಜ್ಯಗಳ ಗಡಿವಿವಾದವನ್ನು ವಿಚಾರಿಸಿದ ಮಹಾಜನ ಆಯೋಗವು 1967ರಲ್ಲಿ ವರದಿ ಕೊಟ್ಟಿತು; ಮಹಾರಾಷ್ಟ್ರವು 2004ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಈ ವ್ಯಾಜ್ಯದಲ್ಲಿ 2023ರಲ್ಲಿ ಹೊಸ ಆಯುಧವೊಂದು ಬಂದಿತು: ತಾನು ಹಕ್ಕು ಸಾಧಿಸುವ 865 ಊರುಗಳ ಜನರಿಗೆ ತನ್ನ ಮಹಾತ್ಮಾ ಜ್ಯೋತಿರಾವ ಫುಲೆ ಆರೋಗ್ಯ ಯೋಜನೆಯು ಅನ್ವಯಿಸುವುದೆಂದು ಮಹಾರಾಷ್ಟ್ರವು ಸಾರಿತು; ಕರ್ನಾಟಕ ಸರಕಾರವು ಅದನ್ನು ಬಲವಾಗಿ ಆಕ್ಷೇಪಿಸಿತು. ರಾಜ್ಯದ ಅಧಿಕಾರವ್ಯಾಪ್ತಿಯ ದೃಷ್ಟಿಯಿಂದ ಆ ಆಕ್ಷೇಪವು ಸರಿಯೇ. ಆದರೆ ವಾನ್ಲೆಸ್ ವೈದ್ಯರು 1894ರಲ್ಲಿ ಮೀರಜದಲ್ಲಿ ಆಸ್ಪತ್ರೆ ತೆರೆದಂದಿನಿಂದ ಈ ಭಾಗದ ರೋಗಿಯು ಮೀರಜಕ್ಕೂ ಕೊಲ್ಹಾಪುರಕ್ಕೂ ಹೋಗುತ್ತ ಬಂದಿದ್ದಾನೆ. ಅವನು ಹೋಗುವುದು ಹತ್ತಿರದ ಶಸ್ತ್ರವೈದ್ಯನನ್ನು ಹುಡುಕಿ, ಭಾಷೆಯನ್ನಾಗಲಿ ಧ್ವಜವನ್ನಾಗಲಿ ಹುಡುಕಿ ಅಲ್ಲ. ನೆರೆರಾಜ್ಯದ ಚೀಟಿಯನ್ನು ತಡೆಯುವುದು ಸುಲಭ. ಆ ಚೀಟಿಯ ಅಗತ್ಯವೇ ಬೀಳದಂತೆ ಚಿಕ್ಕೋಡಿಯಲ್ಲಿಯೂ ಅಥಣಿಯಲ್ಲಿಯೂ ಹೃದಯದ, ಮೂತ್ರಪಿಂಡದ ತಜ್ಞರನ್ನು ನಿಲ್ಲಿಸುವುದು ಕಷ್ಟ. ಮಾಡತಕ್ಕ ಉತ್ತರ ಅದೇ.

ಮಹಾಜನರೆ, ಫಲಾನುಭವಿಗಳ ಆಯ್ಕೆಯು ಗ್ರಾಮಸಭೆಯಲ್ಲಿ ಆಗತಕ್ಕದ್ದೆಂದು ಕರ್ನಾಟಕದ ಪಂಚಾಯತ ರಾಜ್ಯ ಕಾಯಿದೆ ಹೇಳುತ್ತದೆ. ಕಾಮಗಾರಿಗಳ ಲೆಕ್ಕವನ್ನು ಗ್ರಾಮಸಭೆಯೇ ತನಿಖೆ ಮಾಡಬೇಕೆಂದು 2005ರ ಉದ್ಯೋಗ ಖಾತರಿ ಕಾಯಿದೆಯ 17ನೆಯ ಕಲಮು ವಿಧಿಸಿತು. ಕ್ಷಾಮದ ಕಾಲದಲ್ಲಿ ಸಾಹೇಬನ ಕೈಯಲ್ಲಿದ್ದ, ಕುಳಕಾಯಿದೆಯ ಕಾಲದಲ್ಲಿ ತಲಾಠಿಯ ಕೈಯಲ್ಲಿದ್ದ ಅಧಿಕಾರವು ಹೀಗೆ ಕಾನೂನಿನ ಪ್ರಕಾರ ನಿಮ್ಮ ಕೈಗೆ ಬಂದಿದೆ. ಸಭೆಗೆ ಜನ ಕೂಡದ ಕಾರಣ ಅದು ಪುಸ್ತಕದ ಹೆಬ್ಬೆಟ್ಟುಗಳಲ್ಲಿಯೇ ಮುಗಿದುಹೋಗುತ್ತಿದೆ. ಆದುದರಿಂದ ನಿಮ್ಮ ನಿಮ್ಮ ಊರಿನಲ್ಲಿ ಮುಂದಿನ ಗ್ರಾಮಸಭೆಯ ಡಂಗುರ ಸಾರಿದಾಗ ದಯವಿಟ್ಟು ಹೋಗಿರಿ. ಪ್ರತಿಯೊಂದು ಯೋಜನೆಯ ಪಟ್ಟಿಯನ್ನು ಗಟ್ಟಿಯಾಗಿ ಓದಿಸಿರಿ. ಓದಿ ಮುಗಿದ ಮೇಲೆ, ಅದರಲ್ಲಿ ಬಾರದವರ ಹೆಸರುಗಳನ್ನು ಹೇಳಿ ಠರಾವಿನಲ್ಲಿ ಬರೆಯಿಸಿರಿ.